ಚಿನ್ನದ ಕೈವಾರದ ಮನೆ: ಮುದ್ರಕ ಕ್ರಿಸ್ಟೊಫರ್ ಪ್ಲಾಂಟಿನ್

ಶತಮಾನೋತ್ಸವದ ಈ ಸುಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ, ಅದಕ್ಕಾಗಿ ಕಲ್ಲುಮಣ್ಣು ಹೊತ್ತ ಹಿರಿಯರನ್ನೂ, ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದ ಉಪದೇಶಿಗಳನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಇದು ಯುಕ್ತವೇ ಸರಿ. ಆದರೆ ಬಲಿಪೀಠದ ಮೇಲೆ ತೆರೆದಿರುವ ಪೂಜಾಗ್ರಂಥವನ್ನೂ, ಸಂಜೆಯ ಜಪದ ಹೊತ್ತಿಗೆ ಮನೆಮನೆಗಳಲ್ಲಿ ಕೈಗೆತ್ತಿಕೊಳ್ಳುವ ಪ್ರಾರ್ಥನಾಪುಸ್ತಕವನ್ನೂ ಅಚ್ಚುಮಾಡಿದವರನ್ನು ನಾವು ನೆನೆಯುವುದು ವಿರಳ. ಅವರ ಹೆಸರು ಪುಸ್ತಕದ ಒಂದು ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ದೇವರ ವಾಕ್ಯವನ್ನು ಜನರ ಕೈಗೆ ತಲುಪಿಸುವ ಆ ಕಾರ್ಯದಲ್ಲಿ ತೊಡಗಿದವರಿಗೂ ಹೆಂಡತಿ ಮಕ್ಕಳಿದ್ದರು, ಸಾಲವಿತ್ತು, ಅನ್ನದ ಚಿಂತೆಯಿತ್ತು. ಪವಿತ್ರ ಗ್ರಂಥಗಳ ಮುದ್ರಣವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವನು ತನ್ನ ವಿಶ್ವಾಸವನ್ನೂ ಸಂಸಾರವನ್ನೂ ಹೇಗೆ ಕಾಪಾಡಿಕೊಳ್ಳಬಲ್ಲನು? ಈ ಪ್ರಶ್ನೆಗೆ ಉತ್ತರವಾಗಿ ಹದಿನಾರನೆಯ ಶತಮಾನದ ಸುಪ್ರಸಿದ್ಧ ಮುದ್ರಕ ಕ್ರಿಸ್ಟೊಫರ್ ಪ್ಲಾಂಟಿನ್ ಅವರ ಜೀವನವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಪ್ಲಾಂಟಿನ್ ಅವರು ಸುಮಾರು 1520ರಲ್ಲಿ ಫ್ರಾನ್ಸ್ ದೇಶದ ಟೂರ್ ನಗರದ ಸಮೀಪದಲ್ಲಿ ಜನಿಸಿದರು. ತಂದೆ ಪರರ ಮನೆಯಲ್ಲಿ ಸೇವಕರು. ತಾಯಿ ಬೇಗನೆ ತೀರಿಕೊಂಡರು. ತಂದೆಯೊಡನೆ ಊರೂರು ತಿರುಗಿದ ಬಾಲಕನು ಕೊನೆಗೆ ಪ್ಯಾರಿಸ್ ನಗರದಲ್ಲಿ ಒಂಟಿಯಾಗಿ ಉಳಿಯಬೇಕಾಯಿತು. ಅಲ್ಲಿಂದ ಕಾನ್ ಎಂಬ ಪಟ್ಟಣಕ್ಕೆ ಹೋಗಿ, ಒಬ್ಬ ಪುಸ್ತಕ ವ್ಯಾಪಾರಿಯ ಬಳಿ ಪುಸ್ತಕ ಕಟ್ಟುವ ಕಸುಬನ್ನು ಕಲಿತರು. ಝಾನ್ ರಿವಿಯೇರ್ ಎಂಬ ಕನ್ಯೆಯನ್ನು ವಿವಾಹವಾದುದೂ ಆ ಪಟ್ಟಣದ ದಿನಗಳ ಫಲವೇ. ಬಾಲ್ಯದಲ್ಲಿ ಮನೆಯೆಂಬುದನ್ನೇ ಕಾಣದವರು ತಮ್ಮ ಮನೆಯನ್ನು ಜೀವಮಾನವಿಡೀ ಎಷ್ಟು ಜತನದಿಂದ ಕಟ್ಟಿದರೆಂಬುದನ್ನು ಮುಂದೆ ನೋಡಲಿದ್ದೇವೆ.

1549ರ ಸುಮಾರಿಗೆ ದಂಪತಿಗಳು ಇಂದಿನ ಬೆಲ್ಜಿಯಂ ದೇಶಕ್ಕೆ ಸೇರಿದ ಆಂಟ್ವರ್ಪ್ ನಗರಕ್ಕೆ ಬಂದು ನೆಲೆಸಿದರು. ಆಗ ಅದು ಯೂರೋಪಿನ ಅತಿ ದೊಡ್ಡ ವ್ಯಾಪಾರ ಕೇಂದ್ರಗಳಲ್ಲೊಂದು. ಸ್ಪೇನಿನ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. 1550ರಲ್ಲಿ ಪ್ಲಾಂಟಿನ್ ಅವರಿಗೆ ನಗರದ ಪೌರತ್ವ ದೊರೆಯಿತು. ಪುಸ್ತಕಗಳಿಗೆ ಹೊದಿಕೆ ಹಾಕುವುದರಲ್ಲಿಯೂ, ಚರ್ಮದ ಅಲಂಕಾರದ ಪೆಟ್ಟಿಗೆಗಳನ್ನು ಮಾಡುವುದರಲ್ಲಿಯೂ ಅವರು ಹೆಸರು ಗಳಿಸಿದರು. ಇಂತಿರಲು ಒಂದು ರಾತ್ರಿ ಅನರ್ಥ ಸಂಭವಿಸಿತು. ಮನೆತನದಲ್ಲಿ ಉಳಿದುಬಂದ ವೃತ್ತಾಂತದಂತೆ, ಸ್ಪೇನಿನ ರಾಜಕಾರ್ಯದರ್ಶಿ ಗಾಬ್ರಿಯೆಲ್ ದ ಸಾಯಾಸ್ ಅವರಿಗಾಗಿ ಮಾಡಿದ ಒಂದು ಪೆಟ್ಟಿಗೆಯನ್ನು ಹಿಡಿದು ಹೋಗುತ್ತಿದ್ದ ಪ್ಲಾಂಟಿನ್ ಅವರನ್ನು ಕೆಲವು ಕುಡುಕರು ಬೇರೊಬ್ಬನೆಂದು ಭ್ರಮಿಸಿ ಇರಿದರು. ಪ್ರಾಣ ಉಳಿಯಿತು, ಆದರೆ ಬಗ್ಗಿ ಮಾಡಬೇಕಾದ ಹಳೆಯ ಕಸುಬು ಅಸಾಧ್ಯವಾಯಿತು. ಅನಿವಾರ್ಯವಾಗಿ ಅವರು ಮುದ್ರಣಕ್ಕೆ ಕೈಹಚ್ಚಿದರು. 1555ರಲ್ಲಿ ಅವರ ಮೊದಲ ಪುಸ್ತಕ ಹೊರಬಂದಿತು. ಅದು ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತ ಪುಸ್ತಕವಾಗಿತ್ತು. ಮುಂದೆ ಐವರು ಹೆಣ್ಣುಮಕ್ಕಳ ತಂದೆಯಾಗಿ ಬಾಳಿದವರಿಗೆ ಇದು ಒಪ್ಪುವ ಆರಂಭವೆಂದೇ ಹೇಳಬೇಕು. ಮರುವರ್ಷ, ಎಂದರೆ 1556ರಲ್ಲಿ, ಯೇಸುಸಭೆಯ ಗುರುಗಳು ಗೋವೆಯಲ್ಲಿ ಭಾರತದ ಮೊತ್ತಮೊದಲ ಅಚ್ಚುಕೂಟವನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು.

ಆ ಕಾಲವು ಧರ್ಮಕಲಹದ ಕಾಲ. ಒಂದು ಸಣ್ಣ ಪುಸ್ತಿಕೆಯೇ ಮುದ್ರಕನ ಪ್ರಾಣಕ್ಕೆ ಎರವಾಗಬಹುದಾಗಿತ್ತು. 1562ರಲ್ಲಿ ಪ್ಲಾಂಟಿನ್ ಅವರು ಪ್ಯಾರಿಸ್ಸಿನಲ್ಲಿದ್ದಾಗ ಅವರ ಅಚ್ಚುಕೂಟದಲ್ಲಿ ಧರ್ಮಸಭೆಯ ಬೋಧನೆಗೆ ವಿರುದ್ಧವಾದ ಒಂದು ಪ್ರಾರ್ಥನಾ ಪುಸ್ತಿಕೆ ಅಚ್ಚಾಗಿರುವುದು ಪತ್ತೆಯಾಯಿತು. ಕೆಲಸಗಾರರು ಬಂಧನಕ್ಕೊಳಗಾದರು. ಅದೇ ವರ್ಷದ ಏಪ್ರಿಲಿನಲ್ಲಿ ಅಚ್ಚುಕೂಟದ ಯಂತ್ರಗಳೂ ಮನೆಯ ಸಾಮಾನುಗಳೂ ಹರಾಜಾದವು. ಯಜಮಾನರು ಹಿಂದಿರುಗಿದುದು 1563ರಲ್ಲಿ. ಆಗ ಪಾಲುದಾರರ ಹಣದಿಂದ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಆ ಪಾಲುದಾರರಲ್ಲಿ ಕೆಲವರು ಕ್ಯಾಲ್ವಿನ್ ಮತದವರು. ಇದಲ್ಲದೆ, ಪ್ರೇಮದ ಕುಟುಂಬವೆಂದು ಕರೆಯಲ್ಪಟ್ಟ ಒಂದು ಗುಪ್ತಪಂಥದೊಡನೆ ಪ್ಲಾಂಟಿನ್ ಅವರಿಗೆ ಸಂಪರ್ಕವಿತ್ತೆಂಬುದನ್ನೂ ಚರಿತ್ರಕಾರರು ಗುರುತಿಸಿದ್ದಾರೆ. ಇದನ್ನು ಮುಚ್ಚಿಡುವುದು ನಮಗೆ ಸರಿಕಾಣದು. ಧರ್ಮಸಭೆಯು ಅವರನ್ನು ಸಂತರ ಪಟ್ಟಿಗೆ ಸೇರಿಸಿಲ್ಲ, ನಾವೂ ಸೇರಿಸಹೊರಟಿಲ್ಲ. ಅಂಜಿಕೆ, ಆಸೆ, ಹೊಂದಾಣಿಕೆ ಇವೆಲ್ಲವೂ ಇದ್ದ ಒಬ್ಬ ಗೃಹಸ್ಥನ ಕಥೆಯಿದು. ಆದುದರಿಂದಲೇ ನಮ್ಮಂಥವರಿಗೆ ಇದು ಹತ್ತಿರದ್ದು.

1566ರ ಸುಮಾರಿಗೆ ಪ್ಲಾಂಟಿನ್ ಅವರು ಒಂದು ಮಹತ್ಕಾರ್ಯವನ್ನು ಸಂಕಲ್ಪಿಸಿದರು. ಪವಿತ್ರ ಬೈಬಲನ್ನು ಹೀಬ್ರೂ, ಅರಮಾಯಿಕ್, ಸಿರಿಯಾಕ್, ಗ್ರೀಕ್ ಮತ್ತು ಲ್ಯಾಟಿನ್ ಎಂಬ ಐದು ಭಾಷೆಗಳಲ್ಲಿ ಒಟ್ಟಿಗೆ ಮುದ್ರಿಸುವ ಯೋಜನೆಯದು. ಹಿಂದೆ ಪೆಟ್ಟಿಗೆ ಮಾಡಿಸಿಕೊಂಡಿದ್ದ ಅದೇ ಸಾಯಾಸ್ ಅವರ ಮೂಲಕ ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನಿಗೆ ಅವರು ಬಿನ್ನಹ ಮಾಡಿಕೊಂಡರು. ತಮ್ಮ ಮೇಲಿನ ಸಂಶಯವನ್ನು ತೊಡೆದುಹಾಕುವ ಉದ್ದೇಶವೂ ಇದರಲ್ಲಿ ಇದ್ದಿರಬೇಕು. ಮಾನವನ ಉದ್ದೇಶಗಳು ಬೆರಕೆಯಾಗಿದ್ದರೂ ದೇವರು ಅವುಗಳಿಂದ ಸತ್ಕಾರ್ಯವನ್ನು ಮಾಡಿಸಿಕೊಳ್ಳುತ್ತಾರಲ್ಲವೇ? ದೊರೆಯು ಒಪ್ಪಿ, ಮಹಾವಿದ್ವಾಂಸರಾದ ಬೆನಿಟೊ ಆರಿಯಾಸ್ ಮೊಂಟಾನೊ ಎಂಬ ಗುರುಗಳನ್ನು ಕಾರ್ಯದ ಮೇಲ್ವಿಚಾರಣೆಗೆ ಕಳುಹಿಸಿಕೊಟ್ಟನು. 1568ರಲ್ಲಿ ಆರಂಭವಾದ ಮುದ್ರಣವು 1572ರಲ್ಲಿ ಮುಗಿಯಿತು. ಎಂಟು ಬೃಹತ್ ಸಂಪುಟಗಳು. ಸುಮಾರು 1200 ಪ್ರತಿಗಳು. ದೊರೆಗಾಗಿ ಚರ್ಮಪತ್ರದ ಮೇಲೆ ಮುದ್ರಿಸಿದ ಕೆಲವು ವಿಶೇಷ ಪ್ರತಿಗಳು. ಗ್ರಂಥವು ಬೆಳಕಿಗೆ ಬಂದ ಮೇಲೂ ತೊಂದರೆ ತಪ್ಪಲಿಲ್ಲ. ಐದನೆಯ ಪಯಸ್ ಜಗದ್ಗುರುಗಳು ಅನುಮತಿ ನೀಡಲು ಹಿಂಜರಿದರು; ಅವರ ಉತ್ತರಾಧಿಕಾರಿಗಳಾದ ಹದಿಮೂರನೆಯ ಗ್ರೆಗೊರಿಯವರು 1572ರಲ್ಲಿ ಅನುಮತಿಯಿತ್ತರು. ಸ್ಪೇನಿನ ಕೆಲವು ಪಂಡಿತರು ದೂರು ಸಲ್ಲಿಸಿದರು. ಯೇಸುಸಭೆಯ ಹುವಾನ್ ದ ಮರಿಯಾನಾ ಅವರು ಪರಿಶೀಲಿಸಿ, ಗ್ರಂಥವನ್ನು ನಿಷೇಧಿಸಲು ಕಾರಣವಿಲ್ಲವೆಂಬ ನಿರ್ಣಯಕ್ಕೆ ಬಂದರು.

ಈ ಮಹಾಗ್ರಂಥದ ಹಿಂದೆ ಒಂದು ಸಂಸಾರವಿತ್ತೆಂಬುದೇ ನಮ್ಮ ಮುಖ್ಯ ವಿಷಯ. ಪ್ಲಾಂಟಿನ್ ಅವರಿಗೆ ಅಚ್ಚುಕೂಟ ಬೇರೆ, ಮನೆ ಬೇರೆ ಆಗಿರಲಿಲ್ಲ. ಒಂದೇ ಸೂರಿನ ಕೆಳಗೆ ಮೊಳೆ ಜೋಡಿಸುವವರ ಸದ್ದೂ ಮಕ್ಕಳ ಪಾಠದ ಸದ್ದೂ ಕೇಳುತ್ತಿದ್ದವು. 1570ರಲ್ಲಿ ಸಾಯಾಸ್ ಅವರಿಗೆ ಬರೆದ ಒಂದು ಪತ್ರದಲ್ಲಿ ಪ್ಲಾಂಟಿನ್ ಅವರು ತಮ್ಮ ಹೆಣ್ಣುಮಕ್ಕಳ ವಿಚಾರವನ್ನು ವಿವರವಾಗಿ ತಿಳಿಸಿದ್ದಾರೆ. ಮೊದಲು ದೇವಭಯ, ಬಳಿಕ ಓದುಬರಹ, ಅನಂತರ ಕೆಲಸ. ಇದು ಆ ಮನೆಯ ಕ್ರಮ. ಹಿರಿಯರಾದ ನಾಲ್ವರು ಹುಡುಗಿಯರೂ ನಾಲ್ಕೈದು ವರ್ಷದ ಪ್ರಾಯದಿಂದಲೇ ಕರಡಚ್ಚುಗಳನ್ನು ಓದಿ ನೆರವಾಗುತ್ತಿದ್ದರು. ಹಿರಿಯಳಾದ ಮಾರ್ಗರೆಟಳ ಕೈಬರಹ ಬಹು ಸುಂದರವಾಗಿತ್ತು; ಆದರೆ ಕಣ್ಣಿನ ದೃಷ್ಟಿ ಕುಂದಿತು. ಮಾರ್ಟಿನಾ ಲೇಸಿನ ವ್ಯಾಪಾರವನ್ನು ನೋಡಿಕೊಂಡಳು. ಕ್ಯಾಥರೀನಳೂ ಆ ವ್ಯಾಪಾರದಲ್ಲಿಯೇ ಪಳಗಿದಳು. ಹದಿಮೂರು ವರ್ಷದ ಮ್ಯಾಗ್ಡಲೀನಳದು ಎಲ್ಲಕ್ಕಿಂತ ವಿಶೇಷ. ಬೈಬಲಿನ ಕರಡಚ್ಚುಗಳನ್ನು ಮೊಂಟಾನೊ ಗುರುಗಳ ಬಿಡಾರಕ್ಕೆ ಕೊಂಡೊಯ್ದು, ಹೀಬ್ರೂ, ಗ್ರೀಕ್ ಮುಂತಾದ ಭಾಷೆಗಳ ಮೂಲವನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ಗುರುಗಳು ಅದನ್ನು ಕರಡಿನೊಡನೆ ಹೋಲಿಸಿ ತಿದ್ದುತ್ತಿದ್ದರು. ಯೂರೋಪಿನ ಪಂಡಿತರು ಬೆರಗಿನಿಂದ ತೆರೆದು ನೋಡಿದ ಆ ಪುಟಗಳು ಒಬ್ಬ ಬಾಲೆಯ ಬಾಯಿಂದ ಹಾದುಬಂದವು.

ಎಳೆಯ ಕಣ್ಣುಗಳಿಗೆ ಈ ಕೆಲಸ ಹೆಚ್ಚಾಯಿತೇ ಎಂದು ಇಂದಿನ ತಾಯ್ತಂದೆಯರು ಕೇಳಬಹುದು. ಕೇಳುವುದು ನ್ಯಾಯವೇ. ಮಾರ್ಗರೆಟಳ ಕಣ್ಣಿನ ಸಂಗತಿಯನ್ನು ತಂದೆಯೇ ಬರೆದಿಟ್ಟಿದ್ದಾರೆ. ಆದರೂ ತಂದೆ ಏನು ಮಾಡುತ್ತಾರೆಂಬುದು ಆ ಮಕ್ಕಳಿಗೆ ತಿಳಿದಿತ್ತು. ತಂದೆಗೂ ಒಬ್ಬೊಬ್ಬ ಮಗಳ ಸ್ವಭಾವ, ಸಾಮರ್ಥ್ಯ, ನೋವು ತಿಳಿದಿತ್ತು. ರಾಜಕಾರ್ಯದರ್ಶಿಗೆ ಬರೆಯುವ ವ್ಯವಹಾರದ ಪತ್ರದಲ್ಲಿ ಮಕ್ಕಳ ಹೆಸರುಗಳು ಬರುವುದು ಸಾಮಾನ್ಯ ಸಂಗತಿಯಲ್ಲ.

ಟ್ರೆಂಟ್ ಮಹಾಸಭೆಯ ನಂತರ ಪರಿಷ್ಕೃತವಾದ ಗುರುಗಳ ನಿತ್ಯಪ್ರಾರ್ಥನಾ ಗ್ರಂಥವು 1568ರಲ್ಲಿಯೂ ಪೂಜಾಗ್ರಂಥವು 1570ರಲ್ಲಿಯೂ ಪ್ರಕಟವಾದವು. ಸ್ಪೇನಿಗೂ ಅದರ ಅಧೀನ ದೇಶಗಳಿಗೂ ಇವನ್ನು ಮುದ್ರಿಸಿಕೊಡುವ ಹಕ್ಕು ಪ್ಲಾಂಟಿನ್ ಅವರಿಗೆ ದೊರೆಯಿತು. ಹತ್ತಾರು ಸಾವಿರ ಪ್ರತಿಗಳು ಹಡಗೇರಿದವು. 1570ರ ದಶಕದ ಮಧ್ಯದ ವೇಳೆಗೆ 16 ಮುದ್ರಣಯಂತ್ರಗಳೂ ಐವತ್ತಕ್ಕೂ ಹೆಚ್ಚು ಕೆಲಸಗಾರರೂ ಅವರ ಬಳಿ ಇದ್ದರು. ಆ ಕಾಲಕ್ಕೆ ಅಷ್ಟು ದೊಡ್ಡ ಅಚ್ಚುಕೂಟ ಯೂರೋಪಿನಲ್ಲಿ ಇನ್ನೊಂದಿರಲಿಲ್ಲ. 1576ರಲ್ಲಿ ಅವರು ನಗರದ ಶುಕ್ರವಾರದ ಸಂತೆಚೌಕದ ಬಳಿಯ ವಿಶಾಲವಾದ ಮನೆಗೆ ಬಂದರು. ಆ ಮನೆಯ ಹೆಸರು ಚಿನ್ನದ ಕೈವಾರ.

ಕೈವಾರವೇ ಅವರ ಮುದ್ರೆ. ಅವರ ಪುಸ್ತಕಗಳ ಮುಖಪುಟದಲ್ಲಿ ಅದನ್ನು ಕಾಣಬಹುದು. ಶಾಲೆಯ ಮಕ್ಕಳೂ ಬಲ್ಲಂತೆ, ಕೈವಾರದ ಒಂದು ಕಾಲು ಒಂದೆಡೆ ಊರಿ ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ. ಸುತ್ತುವ ಕಾಲು ದುಡಿಮೆಯೆಂದೂ, ನಿಂತ ಕಾಲು ಸ್ಥಿರತೆಯೆಂದೂ ಅವರು ಅರ್ಥ ಹೇಳಿಕೊಂಡಿದ್ದರು.

ಆ ಸ್ಥಿರತೆಗೆ ಪರೀಕ್ಷೆ ತಡವಾಗಲಿಲ್ಲ. 1576ರ ನವೆಂಬರ್ 4ರಂದು, ಸಂಬಳವಿಲ್ಲದೆ ದಂಗೆಯೆದ್ದ ಸ್ಪೇನಿನ ಸೈನಿಕರು ಆಂಟ್ವರ್ಪನ್ನು ಸೂರೆಗೊಂಡರು. ಸಾವಿರಾರು ಜನರು ಹತರಾದರು. ಪ್ಲಾಂಟಿನ್ ಅವರು ತಮ್ಮ ಆಸ್ತಿಯನ್ನು ಉಳಿಸಿಕೊಳ್ಳಲು ಒಂಬತ್ತು ಸಲ ಬಿಡುಗಡೆಯ ಹಣ ತೆರಬೇಕಾಯಿತು. ಅರಸನಿಂದ ಬರಬೇಕಾದ ಹಣ ಬರಲಿಲ್ಲ. ಸ್ಪೇನಿನ ಬೇಡಿಕೆ ನಿಂತಿತು. ಯಂತ್ರಗಳು ಒಂದೊಂದಾಗಿ ಮೌನವಾದವು. ಅನ್ನಕ್ಕಾಗಿ ಅರಸನ ವಿರೋಧಿಗಳ ಕೆಲಸವನ್ನೂ ಅವರು ಒಪ್ಪಿಕೊಂಡರು. 1583ರಲ್ಲಿ ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿ, ಅಲ್ಲಿನ ಪ್ರಾಟೆಸ್ಟೆಂಟ್ ವಿಶ್ವವಿದ್ಯಾಲಯದ ಮುದ್ರಕರಾಗಿ ಎರಡು ವರ್ಷ ದುಡಿದರು. ಆಂಟ್ವರ್ಪಿನಲ್ಲಿ ಕಥೋಲಿಕ ಆಡಳಿತ ಮರಳಿದ 1585ರಲ್ಲಿ ಅವರೂ ಹಿಂದಿರುಗಿದರು.

ಆದರೆ ಅತ್ಯಂತ ಕಠಿಣವಾದ ಪರೀಕ್ಷೆ ಮನೆಯೊಳಗೇ ಇತ್ತು. ಅವರ ಒಬ್ಬನೇ ಮಗನು ಬಾಲ್ಯದಲ್ಲಿಯೇ ತೀರಿಕೊಂಡಿದ್ದನು. ಅಚ್ಚುಕೂಟದ ಭಾರವು ಅಳಿಯಂದಿರ ಮೇಲೆ ಬಿದ್ದಿತು. ಮಾರ್ಗರೆಟಳ ಪತಿ ಫ್ರಾನ್ಸಿಸ್ ರಾಫೆಲೆಂಜಿಯಸ್ ಪೂರ್ವದೇಶದ ಭಾಷೆಗಳಲ್ಲಿ ಪಾರಂಗತರು. ಬೈಬಲಿನ ಕರಡುಗಳನ್ನು ತಿದ್ದಿದವರಲ್ಲಿ ಪ್ರಮುಖರು. ಮಾರ್ಟಿನಾಳ ಪತಿ ಯಾನ್ ಮೊರೇಟಸ್ 1557ರಿಂದಲೇ ಮಾವನ ಬಲಗೈಯಾಗಿದ್ದವರು; ದೃಢ ಕಥೋಲಿಕರು. ಕಾಲಕ್ರಮದಲ್ಲಿ ರಾಫೆಲೆಂಜಿಯಸ್ ಅವರು ಕ್ಯಾಲ್ವಿನ್ ಮತವನ್ನು ಅವಲಂಬಿಸಿದರು. ವಿಶ್ವಾಸಭೇದದಿಂದ ನೆರೆಹೊರೆಯವರು ಪರಸ್ಪರ ಕತ್ತಿ ಹಿರಿಯುತ್ತಿದ್ದ ಕಾಲದಲ್ಲಿ ಒಂದೇ ಮನೆಯ ಅಳಿಯಂದಿರು ಎರಡು ದಾರಿ ಹಿಡಿದರು. ಮಾವನು ಏನು ಮಾಡಬೇಕಾಗಿತ್ತು? ಪ್ಲಾಂಟಿನ್ ಅವರು ಲೈಡನ್ನಿನ ಅಚ್ಚುಕೂಟವನ್ನು ರಾಫೆಲೆಂಜಿಯಸ್ ಅವರಿಗೆ ವಹಿಸಿದರು. ಆಂಟ್ವರ್ಪಿನದನ್ನು ಮೊರೇಟಸ್ ಅವರಿಗೆ ಬಿಟ್ಟರು. ತಾವು ಕಥೋಲಿಕರಾಗಿ ಆಂಟ್ವರ್ಪಿನಲ್ಲಿ ಉಳಿದರು. ಮಗಳ ಮನೆಯ ಬಾಗಿಲನ್ನು ಮುಚ್ಚಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿಯೂ ಮಕ್ಕಳು ಬೇರೆ ದಾರಿ ಹಿಡಿದರೆಂದು ಕಣ್ಣೀರಿಡುವ ತಾಯ್ತಂದೆಯರನ್ನು ನಾವು ಬಲ್ಲೆವು. ಸತ್ಯವನ್ನು ಬಿಡದೆ ಸಂಬಂಧವನ್ನೂ ಬಿಡದೆ ಬಾಳುವುದು ಎಷ್ಟು ಕಷ್ಟವೆಂಬುದು ಅವರಿಗೆ ಗೊತ್ತು.

ಪ್ಲಾಂಟಿನ್ ಅವರು 1589ರ ಜುಲೈ 1ರಂದು ಆಂಟ್ವರ್ಪಿನಲ್ಲಿ ನಿಧನರಾದರು. ಮಾತೆ ಮರಿಯಮ್ಮನವರಿಗೆ ಸಮರ್ಪಿತವಾದ ಆ ನಗರದ ಪ್ರಧಾನಾಲಯದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಮೂವತ್ತನಾಲ್ಕು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಪ್ರಕಟಣೆಗಳನ್ನು ಅವರು ಹೊರತಂದಿದ್ದರು. ಆಸ್ತಿಯ ವಿಷಯದಲ್ಲಿ ವಾರಸುದಾರರೊಳಗೆ ಅಸಮಾಧಾನ ತಲೆದೋರಿತು. ಮೊರೇಟಸ್ ಅವರು ಉಳಿದವರೊಡನೆ ಒಪ್ಪಂದಕ್ಕೆ ಬಂದು ಅಚ್ಚುಕೂಟವನ್ನು ಉಳಿಸಿದರು. ಮೊರೇಟಸ್ ಮನೆತನವು ಸುಮಾರು ಮೂರು ಶತಮಾನಗಳ ಕಾಲ ಆ ಕಾಯಕವನ್ನು ನಡೆಸಿ, 1876ರಲ್ಲಿ ಮನೆಯನ್ನು ನಗರಕ್ಕೆ ಮಾರಿತು. 1877ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ತಿನಲ್ಲಿ ಉಳಿದಿರುವ ಅತಿ ಪುರಾತನ ಮುದ್ರಣಯಂತ್ರಗಳೆರಡು ಅಲ್ಲಿವೆ.

ಈ ಮನೆಯ ದುಡಿಮೆ ನಮ್ಮ ನಾಡಿಗೂ ಬಂದಿತ್ತು. 1580ರಲ್ಲಿ ಗೋವೆಯಿಂದ ಅಕ್ಬರ್ ಬಾದಶಹನ ಆಸ್ಥಾನಕ್ಕೆ ಹೋದ ಯೇಸುಸಭೆಯ ಗುರುಗಳು ಫತೇಪುರ ಸಿಕ್ರಿಯಲ್ಲಿ ಅವನಿಗೆ ಅರ್ಪಿಸಿದುದು ಪ್ಲಾಂಟಿನ್ ಅವರ ಬೈಬಲಿನ ಸಂಪುಟಗಳನ್ನೇ. ಬಾದಶಹನು ಅವನ್ನು ಗೌರವದಿಂದ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡನೆಂದು ಆ ಗುರುಗಳಲ್ಲೊಬ್ಬರಾದ ಮೊನ್ಸೆರಾತೆ ಬರೆದಿಟ್ಟಿದ್ದಾರೆ. ಆ ತಂಡದ ನಾಯಕರಾಗಿದ್ದ ರುಡಾಲ್ಫ್ ಅಕ್ವವಿವ ಅವರು 1583ರಲ್ಲಿ ಗೋವೆಯ ಕುಂಕಳ್ಳಿಯಲ್ಲಿ ರಕ್ತಸಾಕ್ಷಿಗಳಾದರು. ಮ್ಯಾಗ್ಡಲೀನಳೆಂಬ ಬಾಲೆ ಓದಿ ತಿದ್ದಿಸಿದ ಗ್ರಂಥವು ಹತ್ತು ವರ್ಷಗಳೊಳಗಾಗಿ ಸಾಗರಗಳನ್ನು ದಾಟಿ ಭಾರತದ ಚಕ್ರವರ್ತಿಯ ಶಿರವನ್ನು ಮುಟ್ಟಿತು. ತನ್ನ ಪಾಲಿನ ಚಿಕ್ಕ ಕೆಲಸ ಎಲ್ಲಿಗೆ ತಲುಪುವುದೆಂದು ಆ ಹುಡುಗಿಗೆ ಹೇಗೆ ತಿಳಿದೀತು?

ನಮ್ಮ ಧರ್ಮಕೇಂದ್ರದ ಕುಟುಂಬಗಳು ಇಂದು ಗದ್ದೆಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ, ಪರದೇಶದಲ್ಲಿ ದುಡಿಯುತ್ತಿವೆ. ಕೆಲಸದಿಂದ ಪ್ರಾರ್ಥನೆಗೆ ಸಮಯವಿಲ್ಲ, ಪ್ರಾರ್ಥನೆಗೆ ಕುಳಿತರೆ ಮಕ್ಕಳೊಡನೆ ಮಾತಿಗೆ ಸಮಯವಿಲ್ಲ ಎಂಬ ಅಳಲು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಮೂರನ್ನೂ ಮೂರು ಪಾಲು ಮಾಡಿ ತೂಗಿನೋಡುವುದು ಪ್ಲಾಂಟಿನ್ ಅವರಿಂದಲೂ ಆಗಲಿಲ್ಲ. ಅವರು ಮಕ್ಕಳನ್ನು ಕೆಲಸದ ಬಳಿಗೆ ಕರೆತಂದರು, ಕೆಲಸವನ್ನು ದೇವರ ವಾಕ್ಯದ ಸುತ್ತ ನಡೆಸಿದರು. ಎಡವಿದಾಗ, ಎಲ್ಲವನ್ನೂ ಕಳೆದುಕೊಂಡಾಗ, ಮತ್ತೆ ಎದ್ದರು. ಸುತ್ತುವ ಕಾಲು ಎಷ್ಟೇ ದೂರ ಹೋಗಲಿ, ಊರಿದ ಕಾಲು ಕದಲದಿದ್ದರೆ ವೃತ್ತವು ಪೂರ್ಣಗೊಳ್ಳುತ್ತದೆ. ನೂರು ವರ್ಷಗಳಿಂದ ನಮ್ಮ ಊರಿನ ನಡುವೆ ನಿಂತಿರುವ ಈ ದೇವಾಲಯವು ನಮ್ಮ ಮನೆಗಳಿಗೆ ಅಂಥ ನೆಲೆಯಾಗಿ ಉಳಿಯಲೆಂದು ಪ್ರಭುವಿನಲ್ಲಿ ಬೇಡುತ್ತೇವೆ.