ಒಂದೇ ಭುಜದ ಮೇಲೆ ಇಡೀ ತಂಡ: ಬಾಳೂ ಪಾಲವಣಕರ್

ನಮ್ಮ ಬೀದರ್ ಜಿಲ್ಲೆಯಲ್ಲಿ ಎರಡು ಥರದ ಪಿಚ್ ಸಿಗ್ತಾವ. ಬೀದರ್ ಸಿಟಿ ಇರೋದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ, ಅಲ್ಲಿ ಕೆಂಪು ಮಣ್ಣು. ಭಾಲ್ಕಿ, ಔರಾದ್ ಕಡೆ ಇಳಿದ್ರ ಕಪ್ಪು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಸಿವಿಲ್‌ನವರಿಗೆ ಇದು ಲ್ಯಾಬ್ ಪ್ರಯೋಗ. ಸ್ಪಿನ್ ಬೌಲರ್‌ಗೆ ಇದು ಬದುಕು. ಯಾವ ಮಣ್ಣಿನಲ್ಲಿ ಬಾಲ್ ಹಿಡಿದು ತಿರುಗುತ್ತೆ, ಯಾವುದರಲ್ಲಿ ಜಾರಿ ನೇರ ಹೋಗುತ್ತೆ ಅನ್ನೋದು ಗೊತ್ತಿದ್ದವನೇ ವಿಕೆಟ್ ತೆಗೆಯೋದು.

ಈ ವಿದ್ಯೆಯನ್ನು ರೋಲರ್ ಎಳೆಯುತ್ತಾ ಕಲಿತ ಒಬ್ಬ ಮನುಷ್ಯನ ಕಥೆ ಇದು. ಹೆಸರು ಬಾಳೂ ಪಾಲವಣಕರ್. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಕೊಂಕಣ ಕರಾವಳಿಯ ಪಾಲವಣ ಅನ್ನೋ ಊರಿನ ಕುಟುಂಬ, ಅದಕ್ಕೇ ಪಾಲವಣಕರ್. ಬೀದರ್‌ನವರಿಗೆ ಇಂಥ ಮರಾಠಿ ಅಡ್ಡಹೆಸರು ಹೊಸದೇನಲ್ಲ. ಜಾತಿಯಲ್ಲಿ ಚಮ್ಮಾರರು, ಚರ್ಮದ ಕೆಲಸ ಮಾಡುವವರು, ಆ ಕಾಲದ ಲೆಕ್ಕದಲ್ಲಿ ಮುಟ್ಟಬಾರದವರು. ಹನ್ನೆರಡನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ಶರಣ ಸಮಗಾರ ಹರಳಯ್ಯನವರ ಕಸುಬೂ ಇದೇ ಅಲ್ಲವೇ.

ಇಲ್ಲೊಂದು ವಿಚಿತ್ರ ನೋಡ್ರಿ. ಕ್ರಿಕೆಟ್ ಬಾಲ್ ಅಂದ್ರ ಚರ್ಮ. ಅದನ್ನು ಬ್ರಾಹ್ಮಣನೂ ಮುಟ್ಟುತ್ತಾನೆ, ಹೊಳಪು ಬರಲಿ ಅಂತ ಪ್ಯಾಂಟಿಗೂ ಉಜ್ಜಿಕೊಳ್ಳುತ್ತಾನೆ. ಆದರೆ ಆ ಚರ್ಮ ಹದ ಮಾಡುವ ಜಾತಿಯ ಮನುಷ್ಯನನ್ನು ಮುಟ್ಟಂಗಿಲ್ಲ. ಬಾಳೂ ಅವರ ಇಡೀ ಬದುಕು ಈ ಎರಡು ಮಾತುಗಳ ನಡುವೆ ನಡೆಯಿತು.

ರೋಲರ್‌ನಿಂದ ಬಾಲ್‌ವರೆಗೆ

ತಂದೆ ಸೈನ್ಯದ ಚಾಕರಿಯಲ್ಲಿದ್ದರು, ಸಂಸಾರ ಪುಣೆಗೆ ಬಂತು. ಬಾಳೂ ಮತ್ತು ತಮ್ಮ ಶಿವರಾಮ ಬ್ರಿಟಿಷ್ ಅಧಿಕಾರಿಗಳು ಬಿಟ್ಟುಹೋದ ಹಳೇ ಬ್ಯಾಟು ಬಾಲಲ್ಲಿ ಆಟ ಕಲಿತರು. ಓದು ಹೆಚ್ಚು ಮುಂದುವರಿಯಲಿಲ್ಲ. ಮೊದಲ ನೌಕರಿ ಪಾರ್ಸಿಗಳ ಕ್ರಿಕೆಟ್ ಕ್ಲಬ್‌ನಲ್ಲಿ: ಪಿಚ್ ಗುಡಿಸೋದು, ರೋಲ್ ಮಾಡೋದು. ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್‌ಗೆ ಸೇರಿದರು. ಸಂಬಳ 4 ರೂಪಾಯಿ ಆಯ್ತು. ನೆಟ್ ಕಟ್ಟೋದು, ಗೆರೆ ಹಾಕೋದು, ಪಿಚ್ ನೋಡಿಕೊಳ್ಳೋದು.

ಅಲ್ಲಿ ಸಾಹೇಬರು ಪ್ರಾಕ್ಟೀಸ್ ಮಾಡುವಾಗ ಬಾಲ್ ಹಾಕೋಕೆ ಯಾರಾದರೂ ಬೇಕಿತ್ತು. ಬಾಳೂ ಹಾಕಿದರು. ನಿಧಾನಗತಿಯ ಎಡಗೈ ಸ್ಪಿನ್. ಆ ಕಾಲದ ಹೆಸರಾಂತ ಇಂಗ್ಲಿಷ್ ಬ್ಯಾಟ್ಸ್‌ಮನ್ ಜೆ. ಜಿ. ಗ್ರೇಗ್ ಎಲ್ಲರಿಗಿಂತ ಮೊದಲೇ ಬಂದು ಗಂಟೆಗಟ್ಟಲೆ ಈ ಹುಡುಗನ ಬಾಲ್ ಎದುರಿಸ್ತಿದ್ದರು. ಒಂದು ಸಲ ಔಟ್ ಮಾಡಿದರೆ ಎಂಟು ಆಣೆ ಇನಾಮು ಅನ್ನೋ ಕಥೆ ಪುಣೆಯಲ್ಲಿ ಪ್ರಚಲಿತವಾಗಿತ್ತು. ಆದರೆ ಬ್ಯಾಟ್ ಮಾತ್ರ ಬಾಳೂ ಕೈಗೆ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೌಲಿಂಗ್ ಆಳಿನ ಕೆಲಸ ಅನ್ನೋ ಲೆಕ್ಕ.

ಹೀಗೆ ಆ ಹುಡುಗ ಸಾವಿರಾರು ಬಾಲ್ ಹಾಕಿದ. ನಾವು ಲ್ಯಾಬ್‌ನಲ್ಲಿ ರೀಡಿಂಗ್ ತಗೊಳ್ಳೋ ಹಾಗೆ, ಒಂದೊಂದು ಬಾಲ್ ಎಲ್ಲಿ ಬಿತ್ತು, ಎಷ್ಟು ತಿರುಗಿತು ಅಂತ ಮನಸ್ಸಿನಲ್ಲೇ ಬರೆದುಕೊಂಡ. ಪಿಚ್ ರೋಲ್ ಮಾಡಿದವನೂ ಅವನೇ, ಆ ಪಿಚ್ ಮೇಲೆ ಬಾಲ್ ಹಾಕಿದವನೂ ಅವನೇ. ಇದಕ್ಕಿಂತ ಒಳ್ಳೆ ಕೋಚಿಂಗ್ ಯಾವ ಅಕಾಡೆಮಿಯಲ್ಲಿ ಸಿಕ್ಕೀತು!

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಬಾಳೂ ಬೇಕೇ ಬೇಕು. ಆದರೆ ಜಾತಿ? ಚರ್ಚೆ ಆಯ್ತು, ಕೊನೆಗೆ ತಗೊಂಡರು. ಮೈದಾನದಲ್ಲಿ ಒಂದೇ ಬಾಲ್ ಎಲ್ಲರ ಕೈಯಲ್ಲಿ ಓಡಾಡುತ್ತಿತ್ತು. ಟೀ ವಿರಾಮಕ್ಕೆ ಮಾತ್ರ ಉಳಿದವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ, ಬಾಳೂ ಹೊರಗೆ ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟದ ತಟ್ಟೆ ಬೇರೆ, ಕೂರುವ ಜಾಗ ಬೇರೆ. ಇಷ್ಟಾದ ಮೇಲೆ ಮತ್ತೆ ಬಂದು ಬಾಲ್ ಹಾಕಬೇಕು, ವಿಕೆಟ್ ತೆಗೆಯಬೇಕು, ತಂಡ ಗೆಲ್ಲಿಸಬೇಕು. ತೆಗೆದರು, ಗೆಲ್ಲಿಸಿದರು. ಆಡೋಕೆ ಆಗುವವನ ಜೊತೆ ಉಣ್ಣೋಕೆ ಯಾಕೆ ಆಗಲ್ಲ ಅಂತ ಮಹಾದೇವ ಗೋವಿಂದ ರಾನಡೆಯವರು ಪುಣೆಯ ಜನರನ್ನು ಕೇಳಿದ್ದು ಈ ಗೆಲುವುಗಳ ನಂತರವೇ.

1896ರ ಪ್ಲೇಗ್ ಹೊತ್ತಿಗೆ ಕುಟುಂಬ ಮುಂಬೈ ಸೇರಿತು. ಬಾಳೂ ಅವರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್ಖಾನಾದಲ್ಲಿ ಜಾಗವೂ ಸಿಕ್ಕಿತು. 1906ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ದೇಶವೇ ಮಾತಾಡಿಕೊಂಡ ಗೆಲುವು ಅದು. ಅದರ ಬೆನ್ನೆಲುಬು ಬಾಳೂ ಅವರ ಎಡಗೈ.

1911: ಸೋಲಿನ ಮೇಲೆ ಸೋಲು

ಇನ್ನು ಕಥೆಯ ದೊಡ್ಡ ಭಾಗಕ್ಕೆ ಬರೋಣ. ಅದಕ್ಕೆ ಮೊದಲು ಬೇಸ್‌ಬಾಲ್ ಬಗ್ಗೆ ಒಂದು ಮಾತು. ಆ ಆಟದಲ್ಲಿ ಬಾಲ್ ಎಸೆಯುವವನಿಗೆ ಪಿಚರ್ ಅಂತಾರೆ. ಈಗಿನ ಕಾಲದಲ್ಲಿ ಒಬ್ಬ ಪಿಚರ್ ಸುಮಾರು ನೂರು ಎಸೆತ ಎಸೆದರೆ ಸಾಕು, ಮ್ಯಾನೇಜರ್ ಅವನನ್ನು ಹೊರಗೆ ಕರೀತಾನೆ. ಅವನ ಜಾಗಕ್ಕೆ ಬರೋಕೆ ಮೈದಾನದ ಬದಿಯಲ್ಲಿ ಇನ್ನಷ್ಟು ಪಿಚರ್‌ಗಳು ಮೈ ಬಿಸಿ ಮಾಡಿಕೊಂಡು ಕಾಯ್ತಿರ್ತಾರೆ. ಆ ಜಾಗಕ್ಕೆ, ಆ ಗುಂಪಿಗೆ ಬುಲ್‌ಪೆನ್ ಅಂತ ಹೆಸರು. ಬುಲ್‌ಪೆನ್ ಬಲವಾಗಿಲ್ಲದ ತಂಡ ಸೀಸನ್ ಶುರುವಿನಲ್ಲೇ ಸೋಲೋಕೆ ಶುರು ಮಾಡುತ್ತೆ. ಆಗ ಮ್ಯಾನೇಜರ್ ಇರೋ ಒಬ್ಬ ಒಳ್ಳೆ ಪಿಚರ್‌ನನ್ನೇ ಮತ್ತೆ ಮತ್ತೆ ದುಡಿಸ್ತಾನೆ, ಕೊನೆಗೆ ಆ ಕೈಯೂ ಕೆಡುತ್ತೆ.

1911ರಲ್ಲಿ ಇಂಗ್ಲೆಂಡ್‌ಗೆ ಹೋದ ಮೊದಲ ಅಖಿಲ ಭಾರತ ಕ್ರಿಕೆಟ್ ತಂಡದ ಸ್ಥಿತಿ ಹೆಚ್ಚುಕಡಿಮೆ ಇದೇ. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರನ್ನು ಕೂಡಿಸಿ ಕಟ್ಟಿದ ತಂಡ. ಬೆಂಗಳೂರಿನ ಬಿ. ಜಯರಾಮ್ ಅದರಲ್ಲಿದ್ದರು. ಬಾಳೂ ಇದ್ದರು, ತಮ್ಮ ಶಿವರಾಮ ಇದ್ದರು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಐದನೇ ಜಾರ್ಜ್ ಪಟ್ಟಾಭಿಷೇಕದ ಬೇಸಿಗೆ ಅದು. ಮಹಾರಾಜರಿಗೆ ಕ್ರಿಕೆಟ್‌ಗಿಂತ ಔತಣಗಳೇ ಹೆಚ್ಚು. ಕೆಲವೇ ಪಂದ್ಯ ಆಡಿ ತಂಡ ಬಿಟ್ಟರು. ಒಳ್ಳೆ ಬ್ಯಾಟ್ಸ್‌ಮನ್ ಆಗಿದ್ದ ಕರ್ನಲ್ ಮಿಸ್ತ್ರಿ ಅವರನ್ನೂ ತಮ್ಮ ಜೊತೆಗೇ ಇಟ್ಟುಕೊಂಡರು.

ಜೂನ್ ತಿಂಗಳಿಡೀ ತಂಡ ಸೋತಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾರ್ಡ್ಸ್‌ನಲ್ಲಿ ಎಂಸಿಸಿ, ಎಲ್ಲರೆದುರೂ ಸೋಲೇ. ಆದರೆ ಸೋತ ಪಂದ್ಯಗಳ ಸ್ಕೋರ್‌ಕಾರ್ಡ್ ತೆಗೆದು ನೋಡಿದರೆ ಒಂದು ಹೆಸರು ಮಾತ್ರ ಸೋತಿಲ್ಲ. ಕೇಂಬ್ರಿಡ್ಜ್ ವಿರುದ್ಧ ಬಾಳೂ 103 ರನ್‌ಗೆ 8 ವಿಕೆಟ್ ತೆಗೆದರು. ಎಂಸಿಸಿ ವಿರುದ್ಧ 96ಕ್ಕೆ 4. ವಾರ್ಡನ್, ಸಲಾಮುದ್ದೀನ್ ಮುಂತಾದವರೂ ದುಡಿದರು, ಇಲ್ಲ ಅಂತಲ್ಲ. ಆದರೆ ಬ್ಯಾಟ್ಸ್‌ಮನ್‌ಗಳು ಕಟ್ಟಿಹಾಕಬೇಕು ಅಂತ ಯೋಚಿಸುತ್ತಿದ್ದದ್ದು ಬಾಳೂ ಅವರನ್ನೇ, ನಾಯಕ ಬಾಲ್ ಕೊಡುತ್ತಿದ್ದದ್ದೂ ಬಾಳೂ ಅವರಿಗೇ.

ಜುಲೈನಲ್ಲಿ ಲೀಸ್ಟರ್‌ಶೈರ್ ವಿರುದ್ಧ ಕೊನೆಗೂ ಗೆಲುವು ಬಂತು. ಬಾಳೂ ಎರಡು ಇನಿಂಗ್ಸ್ ಸೇರಿ 11 ವಿಕೆಟ್. ಶಿವರಾಮನೂ ಬ್ಯಾಟ್‌ನಲ್ಲಿ ಮಿಂಚಿದ. ಆಮೇಲೆ ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿರುವಾಗ ಗೆಲುವು. ಅದರಲ್ಲಿ ಶಿವರಾಮ ಔಟಾಗದೆ 113. ಅಂದ್ರ ಭಾರತ ಆ ಪ್ರವಾಸದಲ್ಲಿ ಗೆದ್ದ ಎರಡೇ ಪ್ರಥಮ ದರ್ಜೆ ಪಂದ್ಯಗಳಲ್ಲೂ ಪಾಲವಣಕರ್ ಮನೆಯವರ ಕೈ ಇದೆ.

ಪ್ರವಾಸದ ಲೆಕ್ಕ: 23 ಪಂದ್ಯ, 6 ಗೆಲುವು, 15 ಸೋಲು, 2 ಡ್ರಾ. ಬಾಳೂ ಲೆಕ್ಕ: 114 ವಿಕೆಟ್. ಅದರಲ್ಲಿ 75 ಪ್ರಥಮ ದರ್ಜೆ ಪಂದ್ಯಗಳವು, ಸರಾಸರಿ 20ರ ಆಸುಪಾಸು. ವಯಸ್ಸು 35. ಇಷ್ಟೆಲ್ಲ ಮೂರೇ ತಿಂಗಳೊಳಗೆ, ಇವತ್ತಿನ ಫಿಸಿಯೋ ಇಲ್ಲ, ಐಸ್ ಬಾತ್ ಇಲ್ಲ, ಎಷ್ಟು ಓವರ್ ಆಯ್ತು ಅಂತ ಎಣಿಸಿ ವಿಶ್ರಾಂತಿ ಕೊಡುವವರಂತೂ ಇಲ್ಲವೇ ಇಲ್ಲ.

ಕೈ ಯಾಕೆ ಕೆಡುತ್ತೆ?

ಮೆಕ್ಯಾನಿಕಲ್‌ನವರು ಫೆಟೀಗ್ ಅಂತ ಓದಿರ್ತೀರಿ. ಒಂದು ಲೋಹದ ಕಂಬಿ ಒಂದೇ ಸಲಕ್ಕೆ ದೊಡ್ಡ ಭಾರ ಹೊರುತ್ತೆ. ಆದರೆ ಅದಕ್ಕಿಂತ ಚಿಕ್ಕ ಭಾರವನ್ನೇ ಲಕ್ಷ ಸಲ ಹೇರಿ ಇಳಿಸಿದರೆ ಎಲ್ಲೋ ಒಂದು ಸಣ್ಣ ಬಿರುಕು ಶುರುವಾಗಿ, ಬೆಳೆದು, ಒಂದಿನ ಪಟ್ ಅಂತ ಮುರಿಯುತ್ತೆ. ಭುಜವೂ ಹೀಗೇ. ಒಂದು ವ್ಯತ್ಯಾಸ: ಕಂಬಿಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋಕೆ ಬರಲ್ಲ, ಸ್ನಾಯುವಿಗೆ ಬರುತ್ತೆ. ಆದರೆ ಅದಕ್ಕೆ ವಿಶ್ರಾಂತಿ ಬೇಕು.

ವಿಶ್ರಾಂತಿ ಸಿಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಡಿಜ್ಜಿ ಡೀನ್ ಸಾಕ್ಷಿ. 1934ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ 30 ಪಂದ್ಯ ಗೆದ್ದ ಪಿಚರ್. 1937ರ ಆಲ್‌ಸ್ಟಾರ್ ಪಂದ್ಯದಲ್ಲಿ ರಭಸದ ಬಾಲ್ ಬಡಿದು ಕಾಲ್ಬೆರಳು ಮುರಿಯಿತು. ಪೂರ್ತಿ ವಾಸಿಯಾಗುವ ಮೊದಲೇ ಆಡೋಕೆ ಇಳಿದ. ನೋಯುವ ಕಾಲಿನ ಮೇಲೆ ಭಾರ ಬೀಳದ ಹಾಗೆ ಎಸೆಯುವ ಶೈಲಿ ಬದಲಾಯಿತು, ಕಾಲು ಹೊರಬೇಕಿದ್ದ ಬಲ ತೋಳಿಗೆ ಹೋಯಿತು. ಕೆಟ್ಟದ್ದು ಕಾಲಲ್ಲ, ತೋಳು. ಆ ಹಳೇ ವೇಗ ಮತ್ತೆ ಬರಲೇ ಇಲ್ಲ. ಒಂದು ಕಡೆ ಹೊರಬೇಕಾದ ಭಾರ ಇನ್ನೊಂದು ಕಡೆ ಹೋದರೆ ಮುರಿಯೋದು ತಪ್ಪು ಮಾಡದ ಭಾಗವೇ.

ಬಾಳೂ ಅವರ ಕೈ ಹೀಗೆ ಮುರಿಯಲಿಲ್ಲ. ನಿಧಾನದ ಬೌಲಿಂಗ್, ಸರಾಗವಾದ ಶೈಲಿ. ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್‌ಗೆ ಹೋಲಿಸುತ್ತಿದ್ದರು. 1920ರ ಹೊತ್ತಿಗೂ, 44ನೇ ವಯಸ್ಸಿನಲ್ಲೂ ಅವರು ಆಡುತ್ತಿದ್ದರು. ಒಟ್ಟು 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಪೆಟ್ಟು ಬಿದ್ದದ್ದು ಬೇರೆ ಕಡೆ.

ಬಾಲ್ ಕೊಟ್ಟರು, ನಾಯಕತ್ವ ಕೊಡಲಿಲ್ಲ

ಇಂಗ್ಲೆಂಡ್‌ನಿಂದ ಬಂದಾಗ ಮುಂಬೈನ ಶೋಷಿತ ಸಮುದಾಯದವರು ಬಾಳೂ ಅವರಿಗೆ ಸನ್ಮಾನ ಮಾಡಿದರು. ಅದರ ಮಾನಪತ್ರದ ಹಿಂದೆ ಒಬ್ಬ ಕಾಲೇಜು ವಿದ್ಯಾರ್ಥಿ ಇದ್ದ: ಭೀಮರಾವ್ ಅಂಬೇಡ್ಕರ್. ಓದುವ ವಯಸ್ಸಿನ ಹುಡುಗನಿಗೆ ಬಾಳೂ ದೊಡ್ಡ ಹೀರೋ.

ಹಿಂದೂ ತಂಡದಲ್ಲಿ ಮಾತ್ರ ನಾಯಕನ ಪಟ್ಟ ಪ್ರತಿ ವರ್ಷ ಮೇಲ್ಜಾತಿಯವರಿಗೇ. ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದ ಬಾಳೂ ಹೆಸರು ಬಂದಾಗೆಲ್ಲ ಪಕ್ಕಕ್ಕೆ ಸರಿಯುತ್ತಿತ್ತು. ಇದನ್ನು ತಮ್ಮಂದಿರು ಸಹಿಸಲಿಲ್ಲ. 1920ರಲ್ಲಿ ಬಾಳೂ ಅವರನ್ನು ಕೈಬಿಟ್ಟು, ನಾಯಕತ್ವಕ್ಕೂ ಪಾಲವಣಕರರನ್ನು ಪರಿಗಣಿಸದಿದ್ದಾಗ ಶಿವರಾಮ ಮತ್ತು ವಿಠ್ಠಲ ಇಬ್ಬರೂ ಬಹಿರಂಗವಾಗಿ ತಂಡದಿಂದ ಹೊರಬಂದರು. ಜನ ಅವರ ಪರ ನಿಂತರು. ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಕರೆದು ಉಪನಾಯಕ ಮಾಡಬೇಕಾಯಿತು. ನಾಯಕ ಎಂ. ಡಿ. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರನಡೆದರು. ಅಷ್ಟು ಹೊತ್ತು ಬಾಳೂ ನಾಯಕ. ಸುಮಾರು ಇಪ್ಪತ್ತು ವರ್ಷ ತಂಡ ಹೊತ್ತವರಿಗೆ ಸಿಕ್ಕ ಅಧಿಕಾರ ಅಷ್ಟೇ.

1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕನಾದ. ತಂಡ ಆ ವರ್ಷ ಕ್ವಾಡ್ರಾಂಗ್ಯುಲರ್ ಟೂರ್ನಿ ಗೆದ್ದಿತು. ಅಣ್ಣ ತಳ್ಳಿದ ಬಾಗಿಲು ತಮ್ಮನಿಗೆ ತೆರೆಯಿತು.

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. 1932ರ ಪೂನಾ ಒಪ್ಪಂದಕ್ಕೆ ಅಂಬೇಡ್ಕರ್ ಸಹಿ ಇದೆ, ಬಾಳೂ ಸಹಿಯೂ ಇದೆ. ಆದರೆ ಇಬ್ಬರ ದಾರಿ ಬೇರೆಯಾಗಿತ್ತು. ಬಾಳೂ ಅವರಿಗೆ ಗಾಂಧಿ, ಕಾಂಗ್ರೆಸ್ ಮೇಲೆ ನಂಬಿಕೆ. ಅಂಬೇಡ್ಕರ್‌ಗೆ ಆ ನಂಬಿಕೆ ಇರಲಿಲ್ಲ. 1937ರ ಮುಂಬೈ ಪ್ರಾಂತ್ಯದ ಚುನಾವಣೆಯಲ್ಲಿ ಕಾಂಗ್ರೆಸ್ ಬಾಳೂ ಅವರನ್ನು ಅಂಬೇಡ್ಕರ್ ಎದುರೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಒಂದು ಕಾಲದ ಹೀರೋನನ್ನು ಅಭಿಮಾನಿಯೇ ಸೋಲಿಸಿದ. ಇದನ್ನು ಓದಿ ಯಾರ ಪರ ನಿಲ್ಲಬೇಕು ಅಂತ ತಲೆ ಕೆಡಿಸಿಕೊಳ್ಳಬೇಡ್ರಿ. ಮೇಲ್ಜಾತಿಯವರ ಮನಸ್ಸು ಬದಲಾದೀತು ಅಂತ ಬಾಳೂ ಕಾದರು. ಆ ಕಾಯುವಿಕೆ ಎಷ್ಟು ಉದ್ದ ಅನ್ನೋದಕ್ಕೆ ಬಾಳೂ ಅವರ ಬದುಕೇ ಲೆಕ್ಕ ಅಂತ ಅಂಬೇಡ್ಕರ್ ಕಡೆಯವರು ಹೇಳಬಹುದಿತ್ತು.

1955ರ ಜೂನ್ 1ರಂದು ಅಸ್ಪೃಶ್ಯತೆ ಆಚರಣೆಯನ್ನು ಶಿಕ್ಷಾರ್ಹ ಅಪರಾಧ ಮಾಡುವ ಕಾಯ್ದೆ ಜಾರಿಗೆ ಬಂತು. ಬೇರೆ ಕುಡಿಕೆಯಲ್ಲಿ ಟೀ ಕೊಡೋದು ಆವತ್ತಿನಿಂದ ಜೈಲಿಗೆ ಹೋಗೋ ಕೆಲಸ. ಸರಿಯಾಗಿ 33 ದಿನದ ನಂತರ, ಜುಲೈ 4ರಂದು, ಬಾಳೂ ಮುಂಬೈನಲ್ಲಿ ತೀರಿಕೊಂಡರು.

ಒಬ್ಬನ ಕೈಯಿಂದ ತಂಡ ಗೆಲ್ಲುತ್ತಿದ್ದರೆ ಆ ಕೈಗೆ ವಿಶ್ರಾಂತಿಯೂ ಬೇಕು, ಆ ಮನುಷ್ಯನಿಗೆ ನಿರ್ಧಾರದಲ್ಲಿ ಪಾಲೂ ಬೇಕು. ಇದು ಕ್ರಿಕೆಟ್ ತಂಡಕ್ಕಷ್ಟೇ ಅಲ್ಲ. ನಾಲ್ಕು ಜನರ ಫೈನಲ್ ಇಯರ್ ಪ್ರಾಜೆಕ್ಟ್ ಅನ್ನು ಒಬ್ಬಳೇ ಕೂತು ಕೋಡ್ ಬರೆದು ಮುಗಿಸುವಾಗ, ಪ್ರೆಸೆಂಟೇಷನ್ ದಿನ ಮುಂದೆ ನಿಂತು ಮಾತಾಡೋದು ಯಾರು ಅಂತ ಒಮ್ಮೆ ನೋಡ್ರಿ.