ರುಕ್ಮಣಿ ದೇವಿ: ಸಿಂಹಳ ಸಿನಿಮಾದ ಮೊದಲ ದನಿ

ಶ್ರೀಲಂಕಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರೋದು ಕ್ರಿಕೆಟ್. ಜಯಸೂರ್ಯ, ಮುರಳೀಧರನ್, ಮಾಲಿಂಗ ಅಂತ ಪಟಪಟನೆ ಹೇಳ್ತೀವಿ. ಅಲ್ಲಿಯ ಸಿನಿಮಾದವರ ಹೆಸರು ಒಂದಾದರೂ ಹೇಳಿ ಅಂದ್ರೆ ಸುಮ್ಮನಾಗ್ತೀವಿ. ಇಷ್ಟು ಹತ್ತಿರದ ದೇಶ, ಆದರೂ ನಮಗೆ ಗೊತ್ತಿರೋದು ಸ್ಕೋರ್ ಕಾರ್ಡ್ ಮಾತ್ರ. ಅದಕ್ಕೇ ಈ ಸಲ ಅಲ್ಲಿಯ ಒಬ್ಬ ನಟಿಯ ಬದುಕನ್ನು ನಿಮ್ಮ ಮುಂದೆ ಇಡ್ತಾ ಇದ್ದೀವಿ. ಅವರ ಹೆಸರು ರುಕ್ಮಣಿ ದೇವಿ.

ಇದು ಅವರ ಹುಟ್ಟು ಹೆಸರಲ್ಲ. 1923ರ ಜನವರಿ 15ರಂದು ಶ್ರೀಲಂಕಾದ ಗುಡ್ಡಗಾಡಿನ ರಂಬೊಡ ಎಂಬ ಊರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಡೈಸಿ ರಾಸಮ್ಮ ಡೇನಿಯಲ್ಸ್. ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಡೈಸಿ ಇಂಗ್ಲಿಷ್, ರಾಸಮ್ಮ ತಮಿಳು, ಡೇನಿಯಲ್ಸ್ ಕ್ರೈಸ್ತ ಮನೆತನದ ಹೆಸರು. ದಕ್ಷಿಣ ಭಾರತ ಮೂಲದ ಕೊಲಂಬೊ ಚೆಟ್ಟಿ ಸಮುದಾಯದ ಮನೆಯ ಹುಡುಗಿ. ಸಿಂಹಳ ಭಾಷೆಗೂ ಆ ಹೆಸರಿಗೂ ಯಾವ ಸಂಬಂಧವೂ ಕಾಣೋದಿಲ್ಲ. ಆದರೆ ಮುಂದೆ ಸಿಂಹಳ ಸಿನಿಮಾದ ಕೋಗಿಲೆ ಅಂತ ಇಡೀ ದೇಶ ಕರೆದದ್ದು ಇವರನ್ನೇ.

ಶುರುವಾಗಿದ್ದು ನಾಟಕದಿಂದ. ಚಿಕ್ಕ ವಯಸ್ಸಿನಲ್ಲೇ ರಾಮಾಯಣದ ನಾಟಕದಲ್ಲಿ ಸೀತೆಯಾದರು. ಲಂಕೆಯ ಹುಡುಗಿಯೇ ಸೀತೆ! ಹದಿಹರೆಯದಲ್ಲಿ ಎಚ್.ಎಂ.ವಿ. ಕಂಪನಿ ಅವರ ದನಿಯನ್ನು ರೆಕಾರ್ಡ್ ಮಾಡಿತು. ಎಚ್. ಡಬ್ಲ್ಯು. ರೂಪಸಿಂಘೆ ಅವರ ಜೊತೆ ಹಾಡಿದ ಆ ಹಾಡು ‘ಸಿರಿ ಬುದ್ಧಗಯಾ ವಿಹಾರೆ’, ಅಂದ್ರೆ ನಮ್ಮ ಬಿಹಾರದ ಬೋಧಗಯೆಯ ಬಗ್ಗೆ. ತಮಿಳು ಮೂಲದ ಕ್ರೈಸ್ತ ಹುಡುಗಿ ಸಿಂಹಳದಲ್ಲಿ ಬುದ್ಧನ ಹಾಡು ಹಾಡಿದ್ದನ್ನು ಜನ ಮನೆಮನೆಯಲ್ಲಿ ಕೇಳಿದರು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸ್ತಾ ಇದ್ದದ್ದು ಸುಮಾರು 3 ನಿಮಿಷ ಮಾತ್ರ. ಈಗಿನ ಹಾಗೆ ಕತ್ತರಿಸಿ ಅಂಟಿಸೋದು, ಶ್ರುತಿ ಸರಿ ಮಾಡೋದು ಯಾವುದೂ ಇರಲಿಲ್ಲ. ಹಾಡುವವರು ಮೊದಲಿಂದ ಕೊನೆಯವರೆಗೂ ಒಂದೇ ಸಲಕ್ಕೆ ಸರಿಯಾಗಿ ಹಾಡಬೇಕಿತ್ತು.

ಆ ಕಾಲದಲ್ಲಿ ಬಿ. ಎ. ಡಬ್ಲ್ಯು. ಜಯಮಾನ್ನೆ ಅವರ ಮಿನರ್ವ ನಾಟಕ ತಂಡ ಅಲ್ಲಿ ಬಹಳ ಹೆಸರುವಾಸಿ. ರುಕ್ಮಣಿ ದೇವಿ ಆ ತಂಡದ ನಾಯಕಿಯಾದರು. ಜಯಮಾನ್ನೆಯವರ ತಮ್ಮ, ಹಾಸ್ಯನಟ ಎಡ್ಡಿ ಜಯಮಾನ್ನೆಯವರನ್ನು ಮದುವೆಯಾದರು. ಈ ತಂಡದ ‘ಕಡವುನು ಪೊರೊಂದುವ’ ಎಂಬ ನಾಟಕವೇ ಮುಂದೆ ಸಿನಿಮಾ ಆಯಿತು. ಹೆಸರಿನ ಅರ್ಥ ಮುರಿದ ಮಾತು. 1947ರ ಜನವರಿ 21ರಂದು ಕೊಲಂಬೊದಲ್ಲಿ ಬಿಡುಗಡೆಯಾದ ಇದು ಸಿಂಹಳದಲ್ಲಿ ಮಾತಾಡಿದ ಮೊದಲ ಸಿನಿಮಾ. ದೇಶಕ್ಕೆ ಸ್ವಾತಂತ್ರ್ಯ ಬರೋದಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು. ನಾಯಕಿಗೆ ಆಗ ತಾನೇ 24 ತುಂಬಿತ್ತು.

ಇಲ್ಲೊಂದು ವಿಷಯ ಗಮನಿಸಿ. ಮಾತಿನ ಚಿತ್ರ ತೆಗೆಯೋಕೆ ಬೇಕಾದ ಸ್ಟುಡಿಯೋ ಆಗ ಶ್ರೀಲಂಕಾದಲ್ಲಿ ಇರಲಿಲ್ಲ. ಹಾಗಾಗಿ ತಂಡ ಸಮುದ್ರ ದಾಟಿ ತಮಿಳುನಾಡಿಗೆ ಬಂತು. ನಿರ್ಮಾಪಕ ಎಸ್. ಎಂ. ನಾಯಗಂ ತಮಿಳರು, ನಿರ್ದೇಶಕ ಜ್ಯೋತಿಷ್ ಸಿಂಗ್ ಬಂಗಾಳಿ, ಸಂಗೀತ ನಾರಾಯಣ ಅಯ್ಯರ್ ಅವರದು, ನಾಯಕಿ ತಮಿಳು ಮೂಲದವರು. ಕಥೆ ಮತ್ತು ಭಾಷೆ ಸಿಂಹಳದ್ದು. ಒಂದು ಭಾಷೆಯ ಮೊದಲ ಸಿನಿಮಾ ಕಟ್ಟೋಕೆ ಇಷ್ಟು ಕಡೆಯ ಜನ ಸೇರಿದ್ದರು. ಆಮೇಲೆ ಬಂದ ಗಾಯಕ ಮೊಹಿದೀನ್ ಬೇಗ್ ಕೂಡ ಹುಟ್ಟಿದ್ದು ನಮ್ಮ ಪಕ್ಕದ ಸೇಲಂನಲ್ಲಿ. ಮುಸ್ಲಿಮರಾಗಿದ್ದ ಅವರು ಹಾಡಿದ ಬುದ್ಧನ ಹಾಡುಗಳನ್ನು ಸಿಂಹಳ ಜನ ಇವತ್ತಿಗೂ ಕೇಳ್ತಾರೆ. ರುಕ್ಮಣಿ ದೇವಿ ಅವರ ಜೊತೆಗೂ ಹಾಡಿದ್ದಾರೆ.

ಮುಂದಿನ ಹತ್ತು ವರ್ಷ ರುಕ್ಮಣಿ ದೇವಿಯವರ ಕಾಲ. ಅಭಿನಯವೂ ಅವರದೇ, ಹಾಡೂ ಅವರದೇ. ಆದರೆ ಸಿನಿಮಾ ಬದಲಾಗ್ತಾ ಇತ್ತು. 1956ರ ಕೊನೆಯಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ಅವರ ‘ರೇಖಾವ’ ಬಂತು. ಕ್ಯಾಮೆರಾ ಸ್ಟುಡಿಯೋ ಬಿಟ್ಟು ಸಿಂಹಳ ಹಳ್ಳಿಗೆ ಹೋಯಿತು. ನಾಟಕದ ಧಾಟಿಯ ಮಾತು, ಅಭಿನಯ ಹಳೆಯದು ಅನ್ನಿಸತೊಡಗಿತು. ಅದೇ ವರ್ಷ ದೇಶದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾನೂನು ಬಂತು. 1958ರಲ್ಲಿ ತಮಿಳರ ಮೇಲೆ ದೊಡ್ಡ ಗಲಭೆ ನಡೆಯಿತು. ಸಿಂಹಳದ ಮೊದಲ ಸಿನಿಮಾದ ನಾಯಕಿಯ ಬೇರು ತಮಿಳು ಅನ್ನೋದು ಆ ಜಗಳದ ಗದ್ದಲದಲ್ಲಿ ಎಷ್ಟು ಜನಕ್ಕೆ ನೆನಪಿತ್ತೋ!

ವಯಸ್ಸಾದ ಮೇಲೆ ನಾಯಕಿಯ ಪಾತ್ರ ಹೋಗಿ ತಾಯಿಯ ಪಾತ್ರ ಬಂದವು. ಅದು ಎಲ್ಲ ನಟಿಯರಿಗೂ ಆಗೋದೇ. ಆದರೆ ಅವರು ಹಾಡು ಬಿಡಲಿಲ್ಲ. 1970ರ ದಶಕದಲ್ಲಿ ಊರೂರಿನ ಸಂಗೀತ ಸಂಜೆಗಳಲ್ಲಿ ಹೊಸ ಹುಡುಗರ ಬ್ಯಾಂಡ್‌ಗಳ ಜೊತೆ ವೇದಿಕೆ ಹತ್ತಿದರು. ತಮಗಿಂತ ಮೂವತ್ತು ವರ್ಷ ಚಿಕ್ಕವರ ಮುಂದೆ ಹಳೆಯ ಹಾಡು ಹಾಡಿ ಚಪ್ಪಾಳೆ ತಗೊಳ್ಳೋದು ಸುಲಭದ ಮಾತಲ್ಲ. ನಮ್ಮ ಫೆಸ್ಟ್‌ಗಳನ್ನು ನೋಡಿದವರಿಗೆ ಇದು ಅರ್ಥ ಆಗುತ್ತೆ.

1978ರ ಅಕ್ಟೋಬರ್‌ನಲ್ಲಿ ದಕ್ಷಿಣದ ಮಾತರ ಊರಲ್ಲಿ ಅಂಥದ್ದೇ ಒಂದು ಕಾರ್ಯಕ್ರಮ ಮುಗಿಸಿ ನೆಗೊಂಬೊದ ಮನೆಗೆ ವಾಪಸ್ ಬರ್ತಾ ಇದ್ದರು. ಅಷ್ಟು ದೂರ ಬಂದು, ಮನೆ ಇನ್ನೇನು ಹತ್ತಿರ ಅನ್ನುವಾಗ ಜಾ-ಎಲ ಬಳಿಯ ತುಡೆಲ್ಲದಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿತು. ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 55. ಅವರನ್ನು ಕಳಿಸಿಕೊಡೋಕೆ ನೆಗೊಂಬೊದಲ್ಲಿ ಜನಸಾಗರವೇ ಸೇರಿತ್ತು. ಅತ್ತವರಲ್ಲಿ ಹೆಚ್ಚಿನವರು ಸಿಂಹಳದವರೇ.

ಐದೇ ವರ್ಷ ಕಳೆಯಿತು. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಸಿಂಹಳ ಸಿನಿಮಾಗಳನ್ನೇ ತೆಗೆದಿದ್ದ ತಮಿಳು ನಿರ್ದೇಶಕ ಕೆ. ವೆಂಕಟ್ ಅವರನ್ನು ಗುಂಪು ಕೊಂದಿತು. ತಮಿಳು ನಿರ್ಮಾಪಕ ಗುಣರತ್ನಂ ಅವರ ವಿಜಯ ಸ್ಟುಡಿಯೋ ಸುಟ್ಟುಹೋಯಿತು. ಸಿಂಹಳ ಸಿನಿಮಾಗೆ ದುಡಿದವರಿಗೇ ಆ ಸಿನಿಮಾ ನೆರಳಾಗಲಿಲ್ಲ. ಕೋಗಿಲೆಯ ಹಾಡು ಮಾತ್ರ ಆಗಲೂ ರೇಡಿಯೋದಲ್ಲಿ ಬರ್ತಾ ಇತ್ತು. ಹಾಡನ್ನು ತಮ್ಮದು ಅಂದುಕೊಂಡವರು ಹಾಡಿದವರ ಜನರನ್ನು ಬೇರೆಯವರು ಅಂದುಕೊಂಡರು. ನಮಗೆ ತುಂಬಾ ಕಾಡಿದ್ದು ಇದೇ.

ನಮ್ಮ ಸಂಘದಲ್ಲೂ ಮನೆಯಲ್ಲಿ ತೆಲುಗು, ತುಳು, ಕೊಂಕಣಿ, ಉರ್ದು ಮಾತಾಡೋರಿದ್ದಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕಾಲೇಜಿಗೆ ಬಂದ ಮೇಲೆ ಕನ್ನಡದಲ್ಲಿ ಬರೆಯೋಕೆ ಕೂತ ನಮ್ಮಂಥವರೂ ಇದ್ದೀವಿ. ಭಾಷೆ ಯಾರದ್ದು ಅನ್ನೋ ಪ್ರಶ್ನೆ ಬಂದಾಗ ಅದನ್ನು ಹುಟ್ಟಿನಿಂದ ಪಡೆದವರನ್ನು ಮಾತ್ರ ಲೆಕ್ಕ ಹಾಕಿದ್ರೆ ಸಾಲದು. ಅದಕ್ಕಾಗಿ ದುಡಿದವರನ್ನೂ ಸೇರಿಸಬೇಕು. ಇವತ್ತು ರಾತ್ರಿ ಅಸೈನ್‌ಮೆಂಟ್ ಬರೆಯುವಾಗ ರುಕ್ಮಣಿ ದೇವಿಯವರ ಒಂದು ಹಾಡು ಹುಡುಕಿ ಕೇಳಿ. ಒಂದು ಪದವೂ ಅರ್ಥ ಆಗದೇ ಇರಬಹುದು, ಪರವಾಗಿಲ್ಲ.