ಹಿತಚಿಂತಕ ಹಳಕಟ್ಟಿಯವರು

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ವ್ಯಾಸಂಗ ಮುಗಿಸಿ ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ವಕೀಲರಾಗಿ ನೆಲೆಸಿದರು. ಅಲ್ಲಿ 1910ರಲ್ಲಿ ವಿದ್ಯಾವರ್ಧಕ ಸಂಘದ ಸ್ಥಾಪನೆಗೆ ಕಾರಣರಾದರು. ಮುಂಬಯಿ ಶಾಸನ ಸಭೆಯ ಸದಸ್ಯತ್ವವೂ ದೊರೆಯಿತು. ಅದೇ ದಾರಿಯಲ್ಲಿ ನಡೆದಿದ್ದರೆ ಧನಾಧಿಕಾರಗಳಿಗೆ ಕೊರತೆಯಿರುತ್ತಿರಲಿಲ್ಲ.

ಆದರೆ ಅವರ ಮನಸ್ಸು ನೆಟ್ಟಿದ್ದು ಮಠಮನೆಗಳಲ್ಲಿ ಧೂಳು ಹಿಡಿದಿದ್ದ ತಾಳೆಯೋಲೆಗಳಲ್ಲಿ. ಶರಣರ ವಚನಗಳನ್ನು ಊರೂರು ಅಲೆದು ಕೂಡಿಸಿದರು. ಮಂಗಳೂರಿನ ಮುದ್ರಣಾಲಯವೊಂದು ಅವರ ಹಸ್ತಪ್ರತಿಯನ್ನು ಹಿಂದಿರುಗಿಸಿತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗ ಅಚ್ಚಾಯಿತು. ಪರರ ಯಂತ್ರವನ್ನು ನೆಚ್ಚಿದರೆ ಈ ಕಾರ್ಯ ಸಾಗದೆಂದು ಅರಿತ ಅವರು, ಇದ್ದೊಂದು ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಆ ಮನೆ ಅವರೊಬ್ಬರದಲ್ಲ, ಮಡದಿಮಕ್ಕಳದೂ ಆಗಿತ್ತು. ತ್ಯಾಗವನ್ನು ಹೊಗಳುವಾಗ ನಾವು ಇದನ್ನು ಮರೆಯುತ್ತೇವೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅವರಿಗೆ ಅಧ್ಯಕ್ಷ ಪದವಿಯನ್ನಿತ್ತಿತು. ಬಡತನ ಮಾತ್ರ ಬಿಡಲಿಲ್ಲ.

ಅವರು ಲಿಂಗೈಕ್ಯರಾದದ್ದು 1964ರಲ್ಲಿ. ಸರಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ, ವಿಜಾಪುರದ ಆ ಪುಟ್ಟ ಮುದ್ರಣಾಲಯ ಹಾಕಿದ ಹಾದಿ ವಿದ್ವಾಂಸರ ಮುಂದಿತ್ತು.